ಸಣ್ಣ ಅಪರಾಧಗಳೂ ಅಮೆರಿಕದ ಪೌರತ್ವವೂ

ಪರದೇಶೀಯನನ್ನು ತನ್ನ ಪ್ರಜೆಯನ್ನಾಗಿ ಅಂಗೀಕರಿಸುವುದಕ್ಕೆ ಮುನ್ನ ಅವನ ನಡತೆಯನ್ನು ವಿಚಾರಿಸುವ ಸಂಪ್ರದಾಯವು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 1790ರ ಮೊದಲ ಪೌರತ್ವ ಶಾಸನದಿಂದ ಇಂದಿನವರೆಗೂ ನಡೆದುಬಂದಿದೆ. ಸಚ್ಚಾರಿತ್ರ್ಯವನ್ನು ಬಯಸಿದ ಆ ಶಾಸನವೇ ಪೌರತ್ವವನ್ನು ಬಿಳಿಯರಿಗೆ ಮಾತ್ರ ಮೀಸಲಿಟ್ಟಿತ್ತು. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ತಿಂದ್ 1923ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಸೋತದ್ದು ವರ್ಣದ ಪ್ರಶ್ನೆಯ ಮೇಲೆಯೇ. 1946ರ ಶಾಸನವು ಭಾರತೀಯರಿಗೆ ಬಾಗಿಲನ್ನು ತೆರೆದ ಮೇಲೆ ನಡತೆಯ ಪರೀಕ್ಷೆಯೂ ಅವರ ಪಾಲಿಗೆ ಬಂದಿತು. ಇದು ಅಮೆರಿಕಕ್ಕೇ ವಿಶಿಷ್ಟವಾದ ಬೇಡಿಕೆಯೇನೂ ಅಲ್ಲ. ನಮ್ಮ 1955ರ ಪೌರತ್ವ ಅಧಿನಿಯಮವೂ ಹೊರಗಿನಿಂದ ಬಂದು ಭಾರತೀಯನಾಗಬಯಸುವವನಲ್ಲಿ ಸಚ್ಚಾರಿತ್ರ್ಯವನ್ನೇ ಅಪೇಕ್ಷಿಸುತ್ತದೆ.

ಈಗ ಅಲ್ಲಿ ಆಚರಣೆಯಲ್ಲಿರುವುದು 1952ರ ಶಾಸನ. ಅರ್ಜಿಗೆ ಹಿಂದಿನ ಐದು ವರ್ಷ, ಅಮೆರಿಕದ ಪ್ರಜೆಯನ್ನು ವಿವಾಹವಾಗಿ ಆ ಆಧಾರದ ಮೇಲೆ ಕೇಳುವವರಿಗೆ ಮೂರು ವರ್ಷ, ಅರ್ಜಿದಾರನು ಸನ್ನಡತೆಯಿಂದ ಇದ್ದಿರಬೇಕು; ಆದರೆ ಅದಕ್ಕೂ ಹಿಂದಿನದನ್ನು ಅಧಿಕಾರಿಯು ಪರಿಗಣಿಸಕೂಡದೆಂಬ ನಿಷೇಧವಿಲ್ಲ. ಅಳತೆಗೋಲು ಸಂತನ ನಡತೆಯಲ್ಲ, ಆ ಊರಿನ ಸಾಮಾನ್ಯ ಪ್ರಜೆಯ ನಡತೆ. ಹಿಂದಿನ ಶಾಸನದಲ್ಲಿಯೂ ಇದ್ದ ಈ ಕಾಲಗಣನೆ ಎಷ್ಟು ಕಟ್ಟುನಿಟ್ಟಾಗಿರಬಲ್ಲುದೆಂಬುದಕ್ಕೆ 1947ರ ರೆಪೂಯಿ ಪ್ರಕರಣವೇ ಸಾಕ್ಷಿ. ಹುಟ್ಟಿನಿಂದಲೂ ಬುದ್ಧಿಮಾಂದ್ಯನಾಗಿ, ಕುರುಡನೂ ಮೂಕನೂ ಆಗಿದ್ದ ತನ್ನ ಹದಿಮೂರು ವರ್ಷದ ಮಗನ ಪ್ರಾಣವನ್ನು ಕನಿಕರದಿಂದಲೇ ತೆಗೆದ ಆ ತಂದೆಗೆ ಜ್ಯೂರಿಯು ಅತ್ಯಂತ ದಯೆ ತೋರಬೇಕೆಂದಿತ್ತು, ಸೆರೆವಾಸವೂ ತಪ್ಪಿತ್ತು. ಕೃತ್ಯ ನಡೆದುದು 1939ರ ಅಕ್ಟೋಬರ್ 12ರಂದು. ಪೌರತ್ವದ ಅರ್ಜಿ ಸಲ್ಲಿಸಿದುದು 1944ರ ಸೆಪ್ಟೆಂಬರ್ 22ರಂದು. ಐದು ವರ್ಷ ತುಂಬಲು ಇಪ್ಪತ್ತು ದಿನ ಕಡಮೆಯಾಗಿದ್ದುದರಿಂದ, ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್ ಅವರು ಮರುಕವನ್ನು ಮುಚ್ಚಿಡದೆಯೇ ಅರ್ಜಿಯನ್ನು ವಜಾ ಮಾಡಿದರು; ಎರಡನೆಯ ಅರ್ಜಿಗೆ ಇದು ಅಡ್ಡಿಯಲ್ಲವೆಂದು ತೀರ್ಪಿನಲ್ಲೇ ಸೇರಿಸಿದರು.

ಇಂದಿನ ಕಾನೂನಿನಲ್ಲಿ ಕೊಲೆಯಂಥ ಅಪರಾಧವು ಪೌರತ್ವದ ದಾರಿಯನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ನಮ್ಮ ಪ್ರಸ್ತುತ ವಿಷಯ ಅದಲ್ಲ. ವೇಗದ ಟಿಕೆಟ್ಟು, ಅಂಗಡಿಯಲ್ಲಿ ಮಾಡಿದ ಚಿಲ್ಲರೆ ಕಳ್ಳತನ, ಕುಡಿದು ಗಾಡಿ ಓಡಿಸಿದುದು ಮುಂತಾದವು. ಓದುವುದಕ್ಕೆಂದು ಬೆಂಗಳೂರಿನಿಂದ ಕ್ಯಾಲಿಫೋರ್ನಿಯಕ್ಕೆ ಹೋದ ಹುಡುಗನೊಬ್ಬನು ಅಂಗಡಿಯೊಂದರಲ್ಲಿ ಹಣ ಕೊಡದೆ ಚಿಕ್ಕ ವಸ್ತುವೊಂದನ್ನು ಜೇಬಿಗಿಳಿಸಿ ಸಿಕ್ಕಿಬಿದ್ದನೆಂದೂ, ನ್ಯಾಯಾಲಯ ಹೇಳಿದ ತರಗತಿಗೆ ಹಾಜರಾದ ಮೇಲೆ ಮೊಕದ್ದಮೆ ವಜಾ ಆಯಿತೆಂದೂ, ಅವನೇ ಈಗ ಮನೆ ಮಕ್ಕಳುಳ್ಳ ಗೃಹಸ್ಥನಾಗಿ ಪೌರತ್ವದ ನಮೂನೆಯಾದ ಎನ್-400ನ್ನು ಮುಂದಿಟ್ಟುಕೊಂಡು ಕುಳಿತಿರುವನೆಂದೂ ಊಹಿಸೋಣ. ಅವನು ತಿಳಿದಿರಬೇಕಾದ ಸಂಗತಿ ಇದು: ತಪ್ಪೊಪ್ಪಿಗೆಯ ಜೊತೆಗೆ ನ್ಯಾಯಾಧೀಶನು ವಿಧಿಸಿದ ಯಾವುದಾದರೂ ದಂಡನೆ ಇಲ್ಲವೆ ನಿರ್ಬಂಧವಿದ್ದರೆ, ರಾಜ್ಯದ ಕಾನೂನು ಆಮೇಲೆ ಅದನ್ನು ಅಳಿಸಿಹಾಕಿದ್ದರೂ, 1996ರಿಂದ ಈಚೆಗೆ ವಲಸೆಯ ಕಾನೂನಿನ ದೃಷ್ಟಿಯಲ್ಲಿ ಅದು ಅಪರಾಧನಿರ್ಣಯವೇ. ತಪ್ಪೊಪ್ಪಿಗೆಗೆ ಮೊದಲೇ ಮೊಕದ್ದಮೆ ಬೇರೆ ದಾರಿ ಹಿಡಿದಿದ್ದರೆ ಹಾಗಲ್ಲ. ನಿರ್ಣಯವೇ ಆಗಿದ್ದರೂ, ನೀತಿಬಾಹಿರವೆನಿಸುವ ಅಪರಾಧ ಒಂದೇ ಇದ್ದು, ಅದಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷವನ್ನು ಮೀರದೆ, ವಿಧಿಸಿದ ಶಿಕ್ಷೆ ಆರು ತಿಂಗಳನ್ನು ದಾಟದಿದ್ದರೆ, ಅದನ್ನು ಕ್ಷುಲ್ಲಕವೆಂದೆಣಿಸಿ ಬಿಡುವ ವಿನಾಯಿತಿ ಇದೆ.

ಆದುದರಿಂದ ಅವನಿಗೆ ಮೊಟ್ಟಮೊದಲು ಬೇಕಾದುದು ಜ್ಞಾಪಕಶಕ್ತಿಯಲ್ಲ, ಕಾಗದ: ಯಾವ ಕಲಮು, ಏನೆಂದು ಒಪ್ಪಿದ್ದು, ಕೊನೆಯ ಆಜ್ಞೆ ಯಾವ ತಾರೀಖಿನದು ಎಂಬುದನ್ನು ತೋರಿಸುವ, ನ್ಯಾಯಾಲಯದ ಗುಮಾಸ್ತನ ಮೊಹರುಳ್ಳ ದೃಢೀಕೃತ ನಕಲು. ದಾಖಲೆ ಅಳಿಸಿಹೋಗಿದ್ದರೂ ನಮೂನೆಯಲ್ಲಿ ಹೇಳಲೇಬೇಕು. ಸಂದರ್ಶನದ ದಿನ ಅಧಿಕಾರಿಯು ಮೊದಲು ಪ್ರಮಾಣವಚನ ಮಾಡಿಸಿ, ಬರೆದುಕೊಟ್ಟ ಪ್ರಶ್ನೆಗಳನ್ನೇ ಮತ್ತೆ ಬಾಯಲ್ಲಿ ಕೇಳುತ್ತಾನೆ. ಎಂದಾದರೂ ಬಂಧಿತನಾಗಿದ್ದೆಯಾ ಎಂಬ ಮಾತು ಬರುವ ವೇಳೆಗೆ ಬೆರಳಚ್ಚಿನ ಮೇಲೆ ಎಫ್‌ಬಿಐ ಕಳುಹಿಸಿದ ಉತ್ತರ ಅವನ ಕಡತದಲ್ಲಿರುತ್ತದೆ. ಇಲ್ಲಿ ಹೇಳಿದ ಒಂದು ‘ಇಲ್ಲ’ವು ಹಳೆಯ ಕಳ್ಳತನಕ್ಕಿಂತ ಹೆಚ್ಚಿನ ಕೇಡನ್ನು ತಂದೀತು. ಪೌರತ್ವದ ಲಾಭಕ್ಕಾಗಿ ಪ್ರಮಾಣಪೂರ್ವಕ ಸುಳ್ಳನ್ನಾಡಿದವನಿಗೆ, ಆ ಸುಳ್ಳು ಅಮುಖ್ಯವಾದ ವಿಷಯವನ್ನು ಕುರಿತುದಾದರೂ, ಸಚ್ಚಾರಿತ್ರ್ಯವಿಲ್ಲವೆಂದು 1988ರ ಕುಂಗಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಪೌರತ್ವ ದೊರೆತ ಮೇಲೆ ಅದನ್ನು ಸುಳ್ಳಿನ ಅಪರಾಧಕ್ಕಾಗಿ ಕಸಿಯಬೇಕಾದರೆ ಮಾತ್ರ, ಆ ಸುಳ್ಳು ಪೌರತ್ವದ ಪ್ರಾಪ್ತಿಯಲ್ಲಿ ಪಾತ್ರವಹಿಸಿರಬೇಕೆಂದು 2017ರ ಮಾಸ್ಲೆನ್ಯಾಕ್ ತೀರ್ಪು ಮಿತಿಯನ್ನು ಹಾಕಿತು.

ದಾರಿಯ ಟಿಕೆಟ್ಟುಗಳು ಒಂದೆರಡಾದರೆ ಯಾರ ನಿದ್ದೆಯನ್ನೂ ಕೆಡಿಸಬೇಕಾಗಿಲ್ಲ. ಆದರೆ 2025ರ ಆಗಸ್ಟಿನ ಆಡಳಿತಸೂಚನೆಯು, ಅಭ್ಯಾಸವಾಗಿಬಿಟ್ಟ ಅಜಾಗರೂಕ ಚಾಲನೆಯನ್ನೂ ತೂಗಿನೋಡುವಂತೆ ಅಧಿಕಾರಿಗಳಿಗೆ ಹೇಳಿತು. ಐದು ವರ್ಷದೊಳಗೆ ಎರಡು ಬಾರಿ ಕುಡಿದು ಓಡಿಸಿ ಶಿಕ್ಷಿತನಾದವನು ಸಚ್ಚಾರಿತ್ರ್ಯವಿಲ್ಲದವನೆಂಬ ಊಹೆಯಿಂದಲೇ ವಿಚಾರಣೆ ಆರಂಭವಾಗುತ್ತದೆ. ಅದನ್ನು ಅಲ್ಲಗಳೆಯುವ ಭಾರ ಅವನದು. ಗಾಂಜಾದ ಸಂಗತಿ ವಿಚಿತ್ರವಾದುದು: ರಾಜ್ಯದ ಕಾನೂನು ಅಂಗಡಿ ತೆರೆದು ಮಾರಲು ಬಿಟ್ಟಿರುವ ಊರಿನಲ್ಲಿಯೂ ಕೇಂದ್ರದ ಕಾನೂನು ಅದನ್ನು ಮನ್ನಿಸದಾದುದರಿಂದ, ಬರಿಯ ಬಾಯ್ಮಾತಿನ ಒಪ್ಪಿಗೆಯೂ ಪೌರತ್ವಕ್ಕೆ ಅಡ್ಡ ಬಂದೀತು.

ಕೆಲವು ಹಳೆಯ ತಪ್ಪುಗಳು ಪೌರತ್ವವನ್ನು ತಪ್ಪಿಸುವುದಷ್ಟೇ ಅಲ್ಲದೆ ಗ್ರೀನ್ ಕಾರ್ಡಿಗೂ ಸಂಚಕಾರ ತರಬಲ್ಲವು. ದೇಶವನ್ನು ಪ್ರವೇಶಿಸಿದ ಐದು ವರ್ಷದೊಳಗೆ ನಡೆದ, ಒಂದು ವರ್ಷ ಇಲ್ಲವೆ ಅದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಕಳ್ಳತನ ಅಂಥದು. ಆ ಬಗೆಯ ದಾಖಲೆಯುಳ್ಳವರು ಅರ್ಜಿಯನ್ನು ಕಳುಹಿಸುವುದಕ್ಕೆ ಮೊದಲೇ ವಲಸೆಯ ಕಾನೂನು ಬಲ್ಲ ವಕೀಲರಿಗೆ ಕಾಗದಗಳನ್ನು ತೋರಿಸತಕ್ಕದ್ದು. ಪ್ರೊಬೇಷನ್ನಿನಲ್ಲಿರುವವರ ಅರ್ಜಿಯು ಆ ಅವಧಿ ಮುಗಿಯುವ ತನಕ ಮಂಜೂರಾಗುವುದಿಲ್ಲ. ನಿರಾಕರಣೆಯ ಪತ್ರ ಬಂದರೆ ಮೂವತ್ತು ದಿನದೊಳಗೆ ಮರುವಿಚಾರಣೆಯನ್ನು ಕೇಳಬಹುದು. ಇಲ್ಲವೆ ಐದು ವರ್ಷದ ಲೆಕ್ಕ ತಪ್ಪಿನಿಂದ ಆಚೆಗೆ ಸರಿಯುವವರೆಗೆ ಕಾದು, ಹೊಸ ಶುಲ್ಕವನ್ನು ಕಟ್ಟಿ, ಹೊಸ ಅರ್ಜಿಯನ್ನೇ ಹಾಕಬಹುದು.