ವಾಹನ ದುರಸ್ತಿ ವಂಚನೆ

ವಾಹನ ದುರಸ್ತಿ ವಂಚನೆ ಎಂದರೆ ವಾಹನದ ರಿಪೇರಿ ಅಥವಾ ಸರ್ವಿಸಿಂಗ್ ಮಾಡುವಾಗ ಮಾಲೀಕನಿಗೆ ಸುಳ್ಳು ಮಾಹಿತಿ ನೀಡಿ ಹೆಚ್ಚು ಹಣ ಪಡೆಯುವ ಅಕ್ರಮ. ಇದನ್ನು ಬಹಿರಂಗಪಡಿಸಿದವರು ಹಲವು ವೇಳೆ ಟೀಕೆಗೆ ಗುರಿಯಾಗುವುದೂ ಈ ವಿಷಯದ ಒಂದು ಮುಖ್ಯ ಭಾಗವಾಗಿದೆ. ಭಾರತದಲ್ಲಿ ಇಂತಹ ದೂರುಗಳನ್ನು ಮುಖ್ಯವಾಗಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ವಿಚಾರಣೆ ಮಾಡಲಾಗುತ್ತದೆ.

ಸ್ವರೂಪ

ಅಗತ್ಯವಿಲ್ಲದ ಬಿಡಿಭಾಗವನ್ನು ಬದಲಾಯಿಸುವುದು, ಮಾಡದ ಕೆಲಸಕ್ಕೆ ಬಿಲ್ ಮಾಡುವುದು, ನಕಲಿ ಅಥವಾ ಬಳಸಿದ ಭಾಗವನ್ನು ಹೊಸ ಅಸಲಿ ಭಾಗವೆಂದು ಜೋಡಿಸುವುದು ಹಾಗೂ ಸಣ್ಣ ದೋಷವನ್ನು ದೊಡ್ಡದೆಂದು ಹೇಳುವುದು ಇದರ ಸಾಮಾನ್ಯ ರೂಪಗಳು. ಎಂಜಿನ್ನಿನ ಒಳಗೆ ನಡೆದ ಕೆಲಸವನ್ನು ಮಾಲೀಕನು ಕಣ್ಣಾರೆ ಪರೀಕ್ಷಿಸಲಾರ. ಮೆಕ್ಯಾನಿಕ್ ಹೇಳಿದ ಮಾತನ್ನೇ ನಂಬಬೇಕಾಗುತ್ತದೆ. ಈ ತಿಳಿವಳಿಕೆಯ ಅಂತರವೇ ವಂಚನೆಗೆ ಅವಕಾಶ ಕೊಡುತ್ತದೆ. ಆದರೆ ದೋಷವನ್ನು ತಪ್ಪಾಗಿ ಗುರುತಿಸುವುದೆಲ್ಲ ವಂಚನೆಯಲ್ಲ. ಪ್ರಾಮಾಣಿಕ ತಪ್ಪು ಮತ್ತು ಉದ್ದೇಶಪೂರ್ವಕ ಮೋಸ ಇವೆರಡೂ ಬೇರೆ ಬೇರೆ.

ಬಹಿರಂಗಪಡಿಸಿದ ಪ್ರಕರಣಗಳು

1941ರಲ್ಲಿ ಅಮೆರಿಕದ ರೀಡರ್ಸ್ ಡೈಜೆಸ್ಟ್ ಪತ್ರಿಕೆಯು ಸುಸ್ಥಿತಿಯಲ್ಲಿದ್ದ ಕಾರಿನ ಇಗ್ನಿಷನ್ ಕಾಯಿಲ್‌ನ ಒಂದು ತಂತಿಯನ್ನು ಕಳಚಿ, ಅದನ್ನು 347 ಗ್ಯಾರೇಜುಗಳಿಗೆ ಒಯ್ದು ಪರೀಕ್ಷಿಸಿತು. ಅವುಗಳಲ್ಲಿ ಸುಮಾರು ಶೇ. 63ರಷ್ಟು ಗ್ಯಾರೇಜುಗಳು ಹೆಚ್ಚಿನ ಹಣ ಪಡೆದವು ಅಥವಾ ಇಲ್ಲದ ಕೆಲಸ ತೋರಿಸಿದವು ಎಂದು ಪತ್ರಿಕೆ ವರದಿ ಮಾಡಿತು. ಉಳಿದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಗ್ಯಾರೇಜುಗಳು ಪ್ರಾಮಾಣಿಕವಾಗಿ ನಡೆದುಕೊಂಡವು ಎಂಬುದನ್ನೂ ಇದೇ ಸಮೀಕ್ಷೆ ತೋರಿಸುತ್ತದೆ.

1992ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ವಾಹನ ದುರಸ್ತಿ ಇಲಾಖೆಯು ಗುಪ್ತ ತನಿಖೆ ನಡೆಸಿ, ಸಿಯರ್ಸ್ ಕಂಪನಿಯ ದುರಸ್ತಿ ಕೇಂದ್ರಗಳು ಅನಗತ್ಯ ಕೆಲಸಗಳನ್ನು ಮಾಡುತ್ತಿವೆ ಎಂದು ಆರೋಪಿಸಿತು. ಕಂಪನಿಯು ಮೊದಲು ಆರೋಪವನ್ನು ನಿರಾಕರಿಸಿ, ತನಿಖೆಯೇ ದೋಷಪೂರ್ಣ ಎಂದು ಟೀಕಿಸಿತು. ಅನಂತರ ತನ್ನ ಮಾರಾಟ ಗುರಿ ಹಾಗೂ ಪ್ರೋತ್ಸಾಹಧನದ ಪದ್ಧತಿಯು ತಪ್ಪುಗಳಿಗೆ ಕಾರಣವಾಯಿತೆಂದು ಒಪ್ಪಿ, ಸೇವಾ ಸಲಹೆಗಾರರಿಗೆ ನೀಡುತ್ತಿದ್ದ ಪ್ರೋತ್ಸಾಹಧನವನ್ನು ಕೈಬಿಟ್ಟಿತು.

ಭಾರತದಲ್ಲಿ ಶಂಶೇರ್ ಕಟಾರಿಯಾ ಎಂಬುವರು 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಸಲ್ಲಿಸಿದರು. ಕಾರು ತಯಾರಕರು ಅಸಲಿ ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿ, ಗ್ರಾಹಕರು ಅಧಿಕೃತ ಕೇಂದ್ರಗಳಲ್ಲೇ ಹೆಚ್ಚು ಬೆಲೆ ತೆರುವಂತೆ ಮಾಡಿದ್ದಾರೆ ಎಂಬುದು ದೂರಿನ ಸಾರ. ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಕೌಶಲವಿಲ್ಲ, ಸುರಕ್ಷತೆಗೆ ಧಕ್ಕೆಯಾಗುತ್ತದೆ ಎಂದು ಕಂಪನಿಗಳು ವಾದಿಸಿದವು. ಆಯೋಗವು ಈ ವಾದವನ್ನು ಒಪ್ಪದೆ 2014ರ ಆಗಸ್ಟ್ 25ರಂದು 14 ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ವಿಧಿಸಿತು. ಕಂಪನಿಗಳು ಆದೇಶವನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಿದವು.

ದೂರುದಾರರ ಮೇಲಿನ ಟೀಕೆ

ದನಿಯೆತ್ತಿದವರ ಮೇಲೆ ಸಾಮಾನ್ಯವಾಗಿ ಮೂರು ಬಗೆಯ ಟೀಕೆಗಳು ಬರುತ್ತವೆ: ಅವರಿಗೆ ತಾಂತ್ರಿಕ ಜ್ಞಾನವಿಲ್ಲ; ಒಬ್ಬರ ತಪ್ಪಿಗೆ ಇಡೀ ವೃತ್ತಿಗೆ ಮಸಿ ಬಳಿಯುತ್ತಾರೆ; ಹಣ ಕೊಡದಿರಲು ನೆಪ ಹೂಡುತ್ತಾರೆ. ಎರಡನೆಯ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಕಟಾರಿಯಾ ಪ್ರಕರಣವು ತೋರಿಸಿದಂತೆ, ಸಣ್ಣ ಗ್ಯಾರೇಜಿನವರಿಗೆ ಅಸಲಿ ಭಾಗವೂ ತಾಂತ್ರಿಕ ಮಾಹಿತಿಯೂ ಸಿಗದಿರುವುದಕ್ಕೆ ಅವರೇ ಕಾರಣರಲ್ಲ. ಆದ್ದರಿಂದ ವೃತ್ತಿಯನ್ನು ದೂಷಿಸದೆ, ನಿರ್ದಿಷ್ಟ ಕೆಲಸ, ದಿನಾಂಕ ಮತ್ತು ಮೊತ್ತವನ್ನು ಹೇಳುವ ದೂರು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.

ಸಣ್ಣ ಊರುಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ದೂರು ಕೊಟ್ಟವನು ಮುಂದಿನ ರಿಪೇರಿಗೆ ಅದೇ ಗ್ಯಾರೇಜಿಗೆ ಹೋಗಬೇಕಾಗಬಹುದು. ಮೆಕ್ಯಾನಿಕ್ ನೆರೆಯವನೋ ಬಂಧುವೋ ಆಗಿರಬಹುದು. ದೂರು ಸುಳ್ಳಾಗಿದ್ದರೆ ಮೆಕ್ಯಾನಿಕ್‌ನ ಜೀವನೋಪಾಯಕ್ಕೆ ಪೆಟ್ಟು ಬೀಳುತ್ತದೆ. ನಿಜವಿದ್ದೂ ಯಾರೂ ಹೇಳದಿದ್ದರೆ ಪ್ರಾಮಾಣಿಕ ಮೆಕ್ಯಾನಿಕ್‌ಗೇ ನಷ್ಟವಾಗುತ್ತದೆ.

ಮಾನನಷ್ಟದ ಪ್ರಶ್ನೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಮಾನನಷ್ಟವನ್ನು ಅಪರಾಧವೆಂದು ಪರಿಗಣಿಸುತ್ತದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಹಾಗೂ ಅಧಿಕಾರವುಳ್ಳವರ ಮುಂದೆ ಸದುದ್ದೇಶದಿಂದ ಮಾಡಿದ ಆರೋಪ ಇದಕ್ಕೆ ಅಪವಾದಗಳಾಗಿವೆ. ಹೀಗಾಗಿ ಊರೆಲ್ಲ ಹೇಳಿಕೊಂಡು ತಿರುಗುವುದಕ್ಕಿಂತ ಆಯೋಗಕ್ಕೆ ದಾಖಲೆಸಹಿತ ದೂರು ನೀಡುವುದು ದೂರುದಾರನಿಗೆ ಹೆಚ್ಚು ರಕ್ಷಣೆ ಒದಗಿಸುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಪರಿಹಾರ ಮಾರ್ಗ

ಬಾದಾಮಿ, ಹುನಗುಂದ, ಇಳಕಲ್ ಸೇರಿದಂತೆ ಜಿಲ್ಲೆಯ ನಿವಾಸಿಗಳು ಬಾಗಲಕೋಟೆಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರುದಾರನು ವಾಸಿಸುವ ಸ್ಥಳದಲ್ಲೇ ದೂರು ನೀಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಆದ್ದರಿಂದ ಇಳಕಲ್ಲಿನ ನಿವಾಸಿಯು ಹುಬ್ಬಳ್ಳಿಯಲ್ಲಿ ಕಾರನ್ನು ರಿಪೇರಿ ಮಾಡಿಸಿದ್ದರೂ ಬಾಗಲಕೋಟೆಯಲ್ಲೇ ದೂರು ದಾಖಲಿಸಬಹುದು. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಪಾವತಿಸಿದ ಮೊತ್ತ ₹5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರು ಈ ಕಾಯ್ದೆಯಡಿ ಗ್ರಾಹಕರಾಗುವುದಿಲ್ಲ. ಇಳಕಲ್ಲಿನ ಗ್ರಾನೈಟ್ ಸಾಗಿಸುವ ಲಾರಿಗಳ ದೊಡ್ಡ ಮಾಲೀಕರಂತಹವರಿಗೆ ಈ ಮಿತಿ ಅಡ್ಡಿಯಾಗಬಹುದು. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ವಾಹನದ ಬಳಕೆಯನ್ನು ಕಾಯ್ದೆಯ ವಿವರಣೆಯು ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. ಬಾದಾಮಿಯಲ್ಲಿ ಪ್ರವಾಸಿಗರಿಗಾಗಿ ತನ್ನದೇ ಟ್ಯಾಕ್ಸಿ ಓಡಿಸುವ ಚಾಲಕನಿಗೆ ಈ ವಿವರಣೆ ಮುಖ್ಯವಾದುದು.

ಪುರಾವೆಗಳು

ಬಿಲ್ ಅಥವಾ ರಸೀದಿ ಕೊಡದಿರುವುದನ್ನು 2019ರ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ಕೆಲಸಕ್ಕೆ ಮುನ್ನ ಪಡೆದ ಲಿಖಿತ ಅಂದಾಜು, ಜಾಬ್ ಕಾರ್ಡ್, ಭಾಗಗಳ ಹೆಸರಿರುವ ಬಿಲ್, ಬದಲಾಯಿಸಿದ ಹಳೆಯ ಭಾಗ ಹಾಗೂ ಇನ್ನೊಬ್ಬ ಮೆಕ್ಯಾನಿಕ್‌ನ ಲಿಖಿತ ಅಭಿಪ್ರಾಯ ದೂರಿಗೆ ಆಧಾರವಾಗುತ್ತವೆ. ಇದೇ ದಾಖಲೆಗಳು ಸುಳ್ಳು ಆರೋಪದಿಂದ ಮೆಕ್ಯಾನಿಕ್‌ನನ್ನೂ ಕಾಪಾಡುತ್ತವೆ. ವಾಹನಗಳೂ ಸೇರಿದಂತೆ ಹಲವು ಉತ್ಪನ್ನಗಳ ದುರಸ್ತಿ ಮಾಹಿತಿಯನ್ನು ಒಂದೆಡೆ ಒದಗಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಜಾಲತಾಣವನ್ನು ಆರಂಭಿಸಿತು.