ನಂದಿಬಟ್ಟಲಿನ ಹಸಿರು ಅತಿಥಿ

ಕಳೆದ ಮಳೆಗಾಲದಲ್ಲಿ ನಾವು ಶೋಳಿಂಗನಲ್ಲೂರಿನ ಸ್ನೇಹಿತರೊಬ್ಬರ ಹೋಟೆಲಿಗೆ ಹೋಗಿದ್ದಾಗ, ಹಿತ್ತಲಿನ ನಂದಿಬಟ್ಟಲಿನ ಗಿಡದೆದುರು ಕೆಲಸದ ಹುಡುಗನೊಬ್ಬನು ಪೊರಕೆಯೆತ್ತಿ ನಿಂತಿದ್ದನು. ರೆಂಬೆಯ ಮೇಲೆ ಬೆರಳುದ್ದದ ಹಸಿರು ಹುಳು. ತಲೆಯ ಹಿಂದೆ ನೀಲಿಯ ಎರಡು ಕಣ್ಣುಗಳು. "ವಿಷದ ಹುಳು, ಸ್ವಾಮಿ" ಎಂದನು. ನಾವು ತಡೆದೆವು. ಗಲ್ಲಾಪೆಟ್ಟಿಗೆಯ ಹಿಂದೆ ನಾವೇ ಕುಳಿತಿದ್ದ ವರ್ಷಗಳಲ್ಲಿ ಇಂತಹವನ್ನು ಎಷ್ಟು ಕೊಲ್ಲಿಸಿದ್ದೆವೋ ಲೆಕ್ಕವಿಲ್ಲ.

ಅದು ಕಣಗಿಲೆ ಪತಂಗದ ಮರಿ. ಆ ಕಣ್ಣುಗಳು ಕಣ್ಣುಗಳೇ ಅಲ್ಲ, ಹಕ್ಕಿಗಳನ್ನು ಬೆದರಿಸುವ ಚುಕ್ಕೆಗಳು. ಬಾಲದ ಕೊಂಬು ಕುಟುಕುವುದಿಲ್ಲ; ಮೈಯಲ್ಲಿ ತುರಿಸುವ ರೋಮವೂ ಇಲ್ಲ. ವಿಷವಿರುವುದು ಅದರ ಆಹಾರದಲ್ಲಿ. ದನಕರುಗಳನ್ನು ಕೊಲ್ಲಬಲ್ಲ ಕಣಗಿಲೆಯ ಎಲೆಯನ್ನು ಈ ಹುಳು ನಿಶ್ಚಿಂತೆಯಿಂದ ಮೇಯುವುದು. (ಇಲ್ಲಿಯವರು ಕಣಗಿಲೆಯನ್ನು ಅರಳಿಯೆನ್ನುವರು, ಹೊಸದಾಗಿ ಬಂದ ನಮ್ಮವರು ಅಶ್ವತ್ಥವೆಂದು ಭ್ರಮಿಸಬಾರದು.) ನಂದಿಬಟ್ಟಲು, ನಿತ್ಯಪುಷ್ಪಗಳೂ ಅದಕ್ಕೆ ಪ್ರಿಯವೇ. ದೇವರ ಪಟಕ್ಕೆ ಹೂವಾಗಲೆಂದು ನಾವು ನೆಟ್ಟ ಗಿಡಗಳೇ ಅದರ ಮನೆಯೆಂದಾಯಿತು.

ತಾಯಿಯು ಎಳೆಯ ಎಲೆಗಳ ಮೇಲೆ ತಿಳಿಹಸಿರಿನ ಸಣ್ಣ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುವುದು. ಕೆಲವೇ ದಿನಗಳಲ್ಲಿ ಹೊರಬಂದ ಮರಿಯು ಪೊರೆ ಕಳಚುತ್ತ ಕಳಚುತ್ತ ಸುಮಾರು 7 ಸೆಂಟಿಮೀಟರಿನವರೆಗೆ ಬೆಳೆಯುವುದು. ಆ ಮೇಲೆ ಹಸಿರು ಬಣ್ಣ ಮಾಸಿ ಕಂದಾಗುತ್ತದೆ. ಗಿಡವನ್ನಿಳಿದು ಬುಡದ ತರಗೆಲೆಗಳ ನಡುವೆ ಕೋಶವಾಗಿ ಮಲಗುತ್ತದೆ. ಅಪಾಯವೆಲ್ಲ ಇಲ್ಲಿಯೇ. ಎಲೆಯ ಮೇಲೆ ಹಕ್ಕಿಯಿಂದ ತಪ್ಪಿಸಿಕೊಂಡದ್ದು, ಬೆಳಗಿನ ಕಸದೊಡನೆ ಬುಟ್ಟಿ ಸೇರುವುದು. ಹಿತ್ತಲನ್ನು ಗುಡಿಸದಿರಿ ಎಂದರೆ ಯಾವ ಮಾಲೀಕನೂ ಒಪ್ಪನು, ಆರೋಗ್ಯಾಧಿಕಾರಿಯಂತೂ ಒಪ್ಪನು. ಗಿಡದ ಬುಡದ ಎಲೆಗಳನ್ನಷ್ಟೇ ಒಂದೆರಡು ವಾರ ಬಿಟ್ಟರೆ ಸಾಕು.

ಕೋಶದಿಂದೇಳುವ ಪತಂಗದ ರೆಕ್ಕೆಯ ಹರವು ಸುಮಾರು 10 ಸೆಂಟಿಮೀಟರು: ಗಾಢ ಹಸಿರು, ತಿಳಿಹಸಿರು, ನಡುನಡುವೆ ನಸುಗೆಂಪು ಹಾಗೂ ಬಿಳಿಯ ಪಟ್ಟೆಗಳು. ಹಗಲೆಲ್ಲ ಎಲೆಯಂತೆ ಕುಳಿತಿರುವುದರಿಂದ ಕಣ್ಣಿಗೆ ಅಪರೂಪ. ಮುಸ್ಸಂಜೆಯಲ್ಲಿ ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು, ಉದ್ದ ನಾಲಗೆಯಿಂದ ಮಕರಂದವನ್ನು ಹೀರುವುದು. 1758ರಲ್ಲಿ ಲಿನೇಯಸನು ಇದಕ್ಕೆ ಕಣಗಿಲೆಯ ಹೆಸರನ್ನೇ ಇಟ್ಟನು. ಆಫ್ರಿಕದಿಂದ ದಕ್ಷಿಣ ಏಷ್ಯದವರೆಗೆ ಇದರ ವಾಸ. ಬೇಸಿಗೆಯಲ್ಲಿ ಯೂರೋಪಿಗೂ ವಲಸೆ ಹೋಗುವುದುಂಟು. ಅಲ್ಲಿಯ ಚಳಿಗಾಲವನ್ನು ಮಾತ್ರ ತಾಳದು. ಊರುಬಿಟ್ಟು ಬಂದ ನಾವು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಎರಡು ವಾರಗಳ ಬಳಿಕ ಸ್ನೇಹಿತರಿಂದ ಫೋನು ಬಂದಿತು. ಬುಡದಲ್ಲಿ ಒಡೆದ ಕೋಶವೊಂದು ಸಿಕ್ಕಿದೆಯಂತೆ. ಹುಡುಗನು ಅದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾನೆ.