ಇಳಿಜಾರಿನಲ್ಲಿ ಅವಸರ ಬೇಡ

ನಮ್ಮ ಕೊಯಮತ್ತೂರು, ತಿರುಪ್ಪೂರು ಕಡೆಯ ವ್ಯಾಪಾರಿ ಮನೆಗಳ ಮುಂದೆ ಈಗ ಸಣ್ಣ ಎಸ್‌ಯುವಿಗಳದೇ ಸಾಲು. ಉದ್ದ ನಾಲ್ಕು ಮೀಟರಿನೊಳಗೆ, ಅಂಗಡಿ ಬೀದಿಯಲ್ಲೂ ನಿಲ್ಲುತ್ತದೆ. ಎತ್ತರದಲ್ಲಿ ಕೂತವನಿಗೆ ದಾರಿ ಚೆನ್ನಾಗಿ ಕಾಣುತ್ತದೆ, ಧೈರ್ಯವೂ ಹೆಚ್ಚುತ್ತದೆ. ತೊಂದರೆ ಅಲ್ಲೇ.

ಕಳೆದ ವರ್ಷ ಮನೆಮಂದಿಯೆಲ್ಲ ವಾಲ್ಪಾರೈಗೆ ಹೋಗಿದ್ದೆವು. ಆಳಿಯಾರಿನಿಂದ ಮೇಲಕ್ಕೆ 40 ಹೇರ್‌ಪಿನ್ ತಿರುವುಗಳು. ಇಳಿಯುವಾಗ, ಸೂರ್ಯ ಮುಳುಗುವುದರೊಳಗೆ ಊಟವಾಗಬೇಕೆಂದು ನಾನೇ ಮಗನನ್ನು ಅವಸರಪಡಿಸಿದೆ. ಅವನು ಬ್ರೇಕಿನ ಮೇಲಿಂದ ಕಾಲು ತೆಗೆಯಲೇ ಇಲ್ಲ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ, ಪೆಡಲು ಮೆತ್ತಗಾಯಿತು. ಪುಣ್ಯಕ್ಕೆ ಅಗಲವಾದ ಜಾಗ ಸಿಕ್ಕಿ ನಿಲ್ಲಿಸಿದೆವು. ಬ್ರೇಕು ತಣಿಯುವಷ್ಟರಲ್ಲಿ ಕತ್ತಲಾಯಿತು. ಅಂದು ನಾವಿಬ್ಬರೂ ಊಟ ಬಿಟ್ಟೆವು, ಅಷ್ಟೇ.

ಹತ್ತಲು ಯಾವ ಗೇರೋ ಇಳಿಯಲೂ ಅದೇ ಗೇರು ಎಂಬುದು ಹಳೇ ಲಾರಿ ಡ್ರೈವರುಗಳ ಲೆಕ್ಕ. ಆಗ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಬಿಡುವು. ಆಟೋಮ್ಯಾಟಿಕ್ ಗಾಡಿಯಲ್ಲೂ ಗೇರು ತಗ್ಗಿಸುವ ಏರ್ಪಾಡು ಇರುತ್ತದೆ. ಪೆಟ್ರೋಲು ಉಳಿಯಿತೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರಿಗೆ ಏನು ಹೇಳಲಿ! ಎದುರು ಹತ್ತಿ ಬರುವ ಗಾಡಿಗೆ ದಾರಿ ಬಿಡಿ.

ಬನಿಯನ್ ಬಂಡಲುಗಳನ್ನು ಚಾವಣಿಯ ಮೇಲೆ ಕಟ್ಟುವವರೂ ನಮ್ಮಲ್ಲಿದ್ದಾರೆ. ಮೊದಲೇ ಎತ್ತರದ ಗಾಡಿ, ಭಾರ ಮೇಲೇರಿದರೆ ತಿರುವಿನಲ್ಲಿ ವಾಲುತ್ತದೆ. ಹಿಂದೆ ಕೂತವರಿಗೂ ಬೆಲ್ಟು ಬೇಕು. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿಯ ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟು ಹಾಕಿರಲಿಲ್ಲ.

ಈಗ ಬೆಟ್ಟಕ್ಕೆ ಹೊರಟರೆ ಸೊಸೆ ಸಂಜೆಯ ಬುತ್ತಿಯನ್ನೂ ಕಟ್ಟುತ್ತಾಳೆ. ಮೇಲೆಯೇ ಉಂಡು, ಬೆಳಕಿರುವಾಗಲೇ ಎರಡನೇ ಗೇರಿನಲ್ಲಿ ಇಳಿಯುತ್ತೇವೆ.